ಎಲೆ ಎತ್ತದ ಹಿರೇ ಪಂಚರು

ಸವಡಿ ಊರಿನ ಚಾವಡಿಯಲ್ಲಿ ಎಲೆ-ಅಡಕೆಯ ತಟ್ಟೆ ಹಿಡಿಯುವುದು ನನ್ನ ಕೆಲಸ. ಈ ಕೆಲಸದಲ್ಲಿ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಅವತ್ತು ನಡುಗಿದ್ದೇ ಇವತ್ತು ನಗಿಸುತ್ತದೆ. ಮಾತಿಗೆ ಒಪ್ಪಿದ ಪಂಚರು ತಟ್ಟೆಯಿಂದ ತಮ್ಮ ಪಾಲಿನ ಒಂದೆಲೆ ಎತ್ತುತ್ತಾರೆ, ಒಪ್ಪದವರು ಬಿಡುತ್ತಾರೆ. ಒಂದೆಲೆ ಉಳಿದರೂ ಮಾತು ಬಿದ್ದಂತೆ. ಪಂಚರಲ್ಲೇ ಹಿರಿಯ ಮುದುಕರಾದ ನಮ್ಮ ಹಿರೇ ಪಂಚರಂತೂ ಜನ್ಮದಲ್ಲಿ ಎಲೆ ಎತ್ತಿದವರಲ್ಲ. "ನಮ್ಮಜ್ಜನ ಕಾಲದಾಗ ಇತ್ತೇನ? ಇಲ್ಲಲ್ಲ? ಹಂಗಾರ ಬ್ಯಾಡ." ಮುಗಿಯಿತು.

ಅಗಸಿ ಬಾಗಿಲು

ಊರ ಅಗಸಿಯ ಹೆಬ್ಬಾಗಿಲಿಗೆ ಗೆದ್ದಲು ಹಿಡಿದಿತ್ತು. ಸುಲಿಗೆಗಾರರು ಹೊಳೆಮಣ್ಣೂರಿನ ತನಕ ಬಂದಿದ್ದಾರೆಂದು ಸುದ್ದಿ. ಕತ್ತಲಾದರೆ ನಾಯಿ ಬೊಗಳಿದರೂ ನಾವು ದೀಪ ಆರಿಸುತ್ತಿದ್ದೆವು. ಹೊಸ ಬಾಗಿಲು ಮಾಡಿಸೋಣವೆಂದು ಎಲ್ಲರೂ ಎಲೆ ಎತ್ತಿದರು, ಹಿರೇ ಪಂಚರು ಬಿಟ್ಟರು.

"ನಮ್ಮಜ್ಜ ಹಾಕಿಸಿದ ಬಾಗಿಲಾ! ಆನಿ ಬಂದ್ರೂ ಅಲುಗಾಡಂಗಿಲ್ಲ. ಬರ್ರಿ, ತೋರಸ್ತೀನಿ."

ಎಲ್ಲರನ್ನೂ ಕರೆದೊಯ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಬಾಗಿಲು ಅವರನ್ನೂ ಕರೆದುಕೊಂಡೇ ಮಲಗಿತು. ಧೂಳಿನೊಳಗಿಂದ ದನಿ ಬಂತು: "ಚೌಕಟ್ಟು ನೋಡ್ರಿ, ಚೌಕಟ್ಟು! ಹ್ಯಾಂಗ ನಿಂತೈತಿ!"

ದೇವಿ ಹಾಕುವವ

ಒಂದು ಬೇಸಿಗೆ ಲಕ್ಕಲಕಟ್ಟಿಯ ಕಡೆ ಸಿಡುಬು ಎದ್ದಿತು. ನನ್ನ ಮಗಳ ಮೈ ತುಸು ಬಿಸಿಯಾದರೆ ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ಸಿಡುಬು ಬಾರದಂತೆ ತೋಳಿಗೆ ಚುಚ್ಚಿ ದೇವಿ ಹಾಕುವವನನ್ನು ಕಂಪನಿ ಸರಕಾರ ಕಳಿಸಿತು. ಅವನನ್ನು ಊರೊಳಗೆ ಬಿಡಲು ಹಿರೇ ಪಂಚರು ಒಪ್ಪಲಿಲ್ಲ. ಅವನು ಅಗಸಿಯ ಹೊರಗೆ ಬೇವಿನ ಗಿಡದ ಕೆಳಗೆ ಕೂತ.

ನಾನು ಮಗಳನ್ನೆತ್ತಿಕೊಂಡು ಕದ್ದುಮುಚ್ಚಿ ಹೋದೆ. ನನಗಿಂತ ಮೊದಲೇ ಹಿರೇ ಪಂಚರ ಹೆಂಡತಿ ಮೊಮ್ಮಕ್ಕಳ ದಂಡು ಕಟ್ಟಿಕೊಂಡು ನಿಂತಿದ್ದಾರೆ! ಹಿಂದೆ, ಎಲ್ಲರಿಗಿಂತ ಸಣ್ಣ ಕೂಸನ್ನು ಎತ್ತಿಕೊಂಡು ಸಾಕ್ಷಾತ್ ಹಿರೇ ಪಂಚರೇ.

"ಯಜಮಾನ್ರ, ನೀವು ಬ್ಯಾಡ ಅಂದಿದ್ರೆಲ್ಲರಿ?"

ಅವರು ಹೆಂಡತಿಯ ಕಡೆ ಕಣ್ಣು ಹೊರಳಿಸಿ ಮೆಲ್ಲಗೆ ಹೇಳಿದರು: "ಅದು ಚಾವಡ್ಯಾಗ. ಮನ್ಯಾಗ ಪಂಚರು ಬ್ಯಾರೆ ಅದಾರಪಾ."

ಅಪ್ಪನ ಕತ್ತಿ

ಆಮೇಲೆ ಕತ್ತಿ, ಬಂದೂಕು ಒಪ್ಪಿಸಿರೆಂದು ಸರಕಾರ ಡಂಗುರ ಸಾರಿಸಿತು. ನರಗುಂದದ ಕಡೆಯಿಂದ ಬಂಡಾಯದ ಸುದ್ದಿ ದಿನಕ್ಕೊಂದು ಬರುತ್ತಿದ್ದ ದಿನಗಳು ಅವು. ಬಚ್ಚಿಟ್ಟವರನ್ನು ಗಿಡಕ್ಕೆ ನೇತುಹಾಕುತ್ತಾರೆಂದು ಜನ ಪಿಸುಗುಡುತ್ತಿದ್ದರು. ನಮ್ಮವ್ವ ತೀರಿಹೋದ ಅಪ್ಪನ ಕತ್ತಿಯನ್ನು ಕೊಡಲೊಲ್ಲದೆ ಮೇವಿನ ಬಣವೆಯಲ್ಲಿ ಹುಗಿದಿದ್ದಳು.

ಒಂದು ಮುಂಜಾನೆ ಸಾಹೇಬ ಸಿಪಾಯಿಗಳೊಂದಿಗೆ ಬಂದೇಬಿಟ್ಟ. ಅವನ ದುಭಾಷಿ ಹೇಳಿದ: "ಮನಿಮನಿ ಶೋಧ ಆಗಬೇಕು. ಪಂಚರು ಒಪ್ಪಿಗಿ ಕೊಡ್ರಿ."

ನಾನು ತಟ್ಟೆ ಹಿಡಿದೆ. ಹೆದರಿಕೆಗೆ ಎಲ್ಲರೂ ಎಲೆ ಎತ್ತಿದರು. ಒಂದು ಉಳಿಯಿತು.

"ನಮ್ಮಜ್ಜನ ಕಾಲದಾಗ ಯಾರೂ ನಮ್ಮೂರು ಶೋಧ ಮಾಡಿಲ್ಲ. ಬ್ಯಾಡ."

ಸಾಹೇಬನ ಮುಖ ಕೆಂಪಾಯಿತು. "ಹಂಗಾರ ಇವನ ಮನೀನ ಮೊದಲ!" ಎಂದ ದುಭಾಷಿ.

ಅಲ್ಲಿ ನೋಡಿದರೆ, ಗೋಡೆಯ ಗೂಟಕ್ಕೆ ರಾಜಾರೋಷವಾಗಿ ಅಜ್ಜನ ಕತ್ತಿ! ಮುದುಕನ ಕತೆ ಮುಗಿಯಿತೆಂದು ನಾನು ಕಣ್ಣು ಮುಚ್ಚಿದೆ.

"ಇದನ್ನ್ಯಾಕ ಒಪ್ಪಿಸಲಿಲ್ಲ?" ಎಂದು ದುಭಾಷಿ ಗದರಿದ.

"ಕತ್ತಿ ಹೌದೋ ಅಲ್ಲೋ, ಮೊದಲ ಹಿರಿದು ನೋಡ್ರಿ."

ಒಬ್ಬ ಸಿಪಾಯಿ ಎಳೆದ, ಬರಲಿಲ್ಲ. ಇನ್ನೊಬ್ಬ ಒರೆ ಹಿಡಿದ, ಮೊದಲಿನವ ಹಿಡಿಕೆ ಹಿಡಿದ. ಜಗ್ಗಾಡಿ ಜಗ್ಗಾಡಿ ಒಮ್ಮೆಲೇ ಕಿತ್ತು ಬಂತು. ಒಬ್ಬ ಗೋಡೆಗೆ ಬಿದ್ದ, ಇನ್ನೊಬ್ಬ ಸೆಗಣಿ ಬುಟ್ಟಿಯಲ್ಲಿ ಕೂತ. ಹಿಡಿಕೆಗೆ ಅಂಟಿದ್ದು ಗೇಣುದ್ದದ ತುಕ್ಕು ಮಾತ್ರ. ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ಹಾರಾಡುವವನ ಕತ್ತಿಯೇ ಹೀಗಿದ್ದರೆ ಉಳಿದವರದು ಹೇಗಿದ್ದೀತೆಂದು ಶೋಧ ಬಿಟ್ಟು ರೋಣದ ದಾರಿ ಹಿಡಿದ.

ಊರಿಗೆ ಊರೇ ಉಸಿರು ಬಿಟ್ಟಿತು. ಹಿರೇ ಪಂಚರಿಗೆ ರುಮಾಲು ಸುತ್ತಿ ಸನ್ಮಾನ ಮಾಡೋಣವೆಂದು ಸಂಜೆ ಮತ್ತೆ ತಟ್ಟೆ ಹಿಡಿದೆ. ಎಲ್ಲರೂ ಎತ್ತಿದರು. ಒಂದೆಲೆ ಉಳಿಯಿತು.

"ನಮ್ಮಜ್ಜಗ ಯಾರೂ ಸುತ್ತಿಲ್ಲ. ಬ್ಯಾಡ."

ನನಗೆ ತಡೆಯಲಾಗಲಿಲ್ಲ, ತಟ್ಟೆ ಇಟ್ಟು ಅವರ ಕಾಲಿಗೆ ಬಿದ್ದೆ. ಅವರು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು:

"ಏಳು, ಲಗೂನ ಮನಿಗೆ ಹೋಗು. ಬಣವ್ಯಾಗ ಕತ್ತಿ ಹುಗದ್ರ ಹಿಡಿಕಿನೂ ಹುಗೀಬೇಕು ಅಂತ ನಿಮ್ಮವ್ವಗ ಹೇಳು."