ಟ್ಯಾಲಿನ್ ನೋಡಿ ಬಂದ ಶ್ರೀರಂಗ

ಕಾಣದ ಊರಿನ ಬಗ್ಗೆ ಸುಳ್ಳು ಹೇಳುವವನು ಆ ಊರಿಗೆ ಬೇರೆ ಯಾರೂ ಹೋಗದಂತೆ ನೋಡಿಕೊಳ್ಳಬೇಕು. ಲಂಡನ್ನಿನ ಎಜ್‌ವೇರಿನ ಶ್ರೀರಂಗ ಇದೊಂದನ್ನು ಮರೆತಿದ್ದ. ಅದಕ್ಕೇ ಆ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ರಘುರಾಮ ಬಂದು, ಸಂಜೆಯ ವಿಮಾನಕ್ಕೆ ತಾನೂ ಹೆಂಡತಿ ಪ್ರಫುಲ್ಲಾಳೂ ಟ್ಯಾಲಿನ್‌ಗೆ ಹೊರಟಿದ್ದೇವೆ ಎಂದಾಗ ಅವನ ಕೈಯ ಕಾಫಿ ಪೈಜಾಮದ ಮೇಲೆ ಚೆಲ್ಲಿತು.

"ಮದುವೆಯ ಬೆಳ್ಳಿಹಬ್ಬ ಅಲ್ದಾ ಮಾರಾಯ್ರೆ. ನೀವು ವರ್ಣಿಸಿದ್ದು ಕೇಳಿ ಇವಳು ಆ ಊರೇ ಆಗ್ಬೇಕು ಅಂತ ಹಟ ಹಿಡಿದಳು" ಎಂದು ರಘುರಾಮ ನಕ್ಕ.

ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ ಅನ್ನು ಶ್ರೀರಂಗ ನೋಡಿಯೇ ಇರಲಿಲ್ಲ. ಹಿಂದಿನ ವರ್ಷ ಹೆಂಡತಿ ಕಲ್ಯಾಣಿ ತಮ್ಮನ ಗೃಹಪ್ರವೇಶಕ್ಕೆಂದು ಮೈಸೂರಿಗೆ ಹೋಗಿದ್ದಾಗ ಬೀದಿಗೆಲ್ಲ ಸಾರಿ ಅಲ್ಲಿಗೆ ಹೊರಟಿದ್ದೇನೋ ನಿಜ. ಆದರೆ ಬ್ರಿಟನ್ನಿನಲ್ಲಿ ವಾಸಕ್ಕೆ ಪರವಾನಗಿ ಇದ್ದವನಿಗೆ ಯೂರೋಪಿನ ಬಾಗಿಲೆಲ್ಲ ತೆರೆದಿರುತ್ತದೆ ಎಂದು ಅವನು ನಂಬಿದ್ದ. ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಅವನ ಇಂಡಿಯನ್ ಪಾಸ್‌ಪೋರ್ಟನ್ನು ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ತಿರುವಿ, ಯೂರೋಪಿಗೆ ಬೇಕಾದ ಷೆಂಗೆನ್ ವೀಸಾ ಎಲ್ಲಿ ಎಂದು ಕೇಳಿದಳು. ಹಿಂದಿನ ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು. ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗದಲ್ಲಿ ಕೂತು ಊರವರ ಕಾಗದಪತ್ರಗಳನ್ನೆಲ್ಲ ಚೊಕ್ಕವಾಗಿ ಇಡುವವನು ತನ್ನ ಕಾಗದವನ್ನೇ ಮರೆತಿದ್ದ. ಆ ನಾಚಿಕೆ ಅವನಿಗೆ ಇನ್ನೂ ಆರಿರಲಿಲ್ಲ.

ಅಂದು ಮನೆಗೆ ಮರಳುವ ಧೈರ್ಯವಾಗದೆ ಅಕ್ಸ್‌ಬ್ರಿಡ್ಜಿನ ಒಂದು ಲಾಡ್ಜಿನಲ್ಲಿ ಅಡಗಿದ. ಹಾಸಿಗೆಯ ಮೇಲೆ ಮಲಗಿ ಫೋನಿನಲ್ಲಿ ಟ್ಯಾಲಿನ್ನಿನ ವಿಡಿಯೋಗಳನ್ನೆಲ್ಲ ನೋಡಿ ಬಾಯಿಪಾಠ ಮಾಡಿದ. ಬರುವಾಗ ಪೂರ್ವ ಯೂರೋಪಿನವರ ಅಂಗಡಿಯಿಂದ ಕಪ್ಪು ಬ್ರೆಡ್ ತಂದು ಬೀದಿಗೆಲ್ಲ ಹಂಚಿದ. ಆವತ್ತಿನಿಂದ ಅವನು ಟ್ಯಾಲಿನ್ ಶ್ರೀರಂಗ. ಹಳೇ ಪೇಟೆಯಲ್ಲಿ ಕಲ್ಲು ಹಾಸಿದ ಬೀದಿ, ಮೆತ್ತನೆಯ ಶೂ ಹಾಕಬೇಕು. ಗುಡ್ಡದ ಮೇಲಿಂದ ಕೆಂಪು ಹೆಂಚಿನ ಮನೆಗಳನ್ನು ನೋಡಲು ಬೆಳಿಗ್ಗೆಯೇ ಹೋಗಬೇಕು. ಹೀಗೆ ಅವನ ಸಲಹೆಗಳೆಲ್ಲ ಸರಿಯಾಗಿಯೇ ಇದ್ದವು. ತಪ್ಪಿದ್ದು ಒಂದೇ. ಗಣೇಶನ ಹಬ್ಬದ ದಿನ ರಘುರಾಮ ವೀಸಾ ಬಗ್ಗೆ ಕೇಳಿದಾಗ, ಗಾಯ ಮುಟ್ಟಿದಂತಾಗಿ, "ನಮ್ಮ ಇಲ್ಲಿನ ರೆಸಿಡೆನ್ಸಿ ಇದ್ರೆ ಸಾಕು, ನಗ್ತಾ ಕಳಿಸ್ತಾರೆ" ಎಂದುಬಿಟ್ಟಿದ್ದ.

ರಘುರಾಮ ಕುಂದಾಪುರದವನು, ಪಾರ್ಕ್ ರಾಯಲ್‌ನ ಚಕ್ಕುಲಿ ಫ್ಯಾಕ್ಟರಿಯ ಮ್ಯಾನೇಜರ್. ಅವನ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಬೀದಿಗೆಲ್ಲ ಗೊತ್ತಿತ್ತು. ಪ್ರತಿ ಆಗಸ್ಟ್ ಹದಿನೈದರಂದು ಹಿತ್ತಲಿನಲ್ಲಿ ಬಾವುಟ ಹಾರಿಸಿ, ಪಾಸ್‌ಪೋರ್ಟ್ ಬದಲಿಸುವುದೂ ಒಂದೇ, ಹೆತ್ತ ತಾಯಿಯನ್ನು ಬದಲಿಸುವುದೂ ಒಂದೇ ಎಂದು ಭಾಷಣ ಬಿಗಿಯುತ್ತಿದ್ದ. ಎಂದೋ ಬ್ರಿಟಿಷ್ ಪ್ರಜೆಯಾಗಿದ್ದ ಎದುರುಮನೆಯ ಧಾರವಾಡದ ಡಾಕ್ಟರ್ ಆನಂದತೀರ್ಥರು ಆಗೆಲ್ಲ ತಲೆ ತಗ್ಗಿಸಿ ಲಾಡು ತಿನ್ನುತ್ತಿದ್ದರು.

"ಪೇಪರೆಲ್ಲ ಸರಿಯಾಗಿದೆ ತಾನೆ?" ಎಂದು ಶ್ರೀರಂಗ ಚೆಲ್ಲಿದ ಕಾಫಿ ಒರೆಸುತ್ತ ತೊದಲಿದ.

"ನೀವೇ ಹೇಳಿದ್ರಲ್ಲ, ರೆಸಿಡೆನ್ಸಿ ಇದ್ರೆ ಸಾಕು ಅಂತ. ಎಂತದೂ ತಕ್ಕೊಳ್ಳಲಿಲ್ಲ" ಎಂದ ರಘುರಾಮ, ಆ ಮಾತು ಬೆಳೆಸದೆ ಹೊರಟೇ ಹೋದ.

ಶ್ರೀರಂಗ ಮಧ್ಯಾಹ್ನದ ಊಟ ಬಿಟ್ಟು ಯೋಚಿಸಿದ. ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಫುಲ್ಲಾ ಬೆಳ್ಳಿಹಬ್ಬದ ದಿನ ಆ ಕೌಂಟರಿನ ಮುಂದೆ ನಿಲ್ಲುತ್ತಾಳೆ. ಪ್ರಯಾಣವೇ ನಿಂತುಬಿಟ್ಟರೆ ಎರಡೂ ತಪ್ಪುತ್ತದೆ ಎಂದು ಲೆಕ್ಕ ಹಾಕಿ ಅವರ ಮನೆಗೆ ಹೋದ. ಬೀಳ್ಕೊಡಲು ಕಲ್ಯಾಣಿ, ಡಾಕ್ಟರು, ಅವರ ಹೆಂಡತಿ ವೇದಾ ಎಲ್ಲರೂ ಆಗಲೇ ಅಲ್ಲಿ ನೆರೆದಿದ್ದರು.

ವೀಸಾ ನಿಯಮ ಬದಲಾಗಿದೆಯಂತೆ ಎಂದು ಹೇಳಿ ನೋಡಿದ. ನಾವು ಏನೂ ತೆಗೆದುಕೊಂಡಿಲ್ಲ, ನಿಮಗಿಲ್ಲದ ನಿಯಮ ನಮಗೆ ಮಾತ್ರವೇ ಎಂದು ರಘುರಾಮ ತಳ್ಳಿಹಾಕಿದ. ಸಮುದ್ರದ ಗಾಳಿ ಮೂಳೆ ಕೊರೆಯುತ್ತದೆ ಎಂದ. ಡಾಕ್ಟರು ಮನೆಗೆ ಓಡಿ ಮಂಕಿ ಟೋಪಿ, ಉಣ್ಣೆಯ ಕಾಲುಚೀಲ ತಂದು ಸೂಟ್‌ಕೇಸಿಗೆ ತುರುಕಿದರು. ಸಸ್ಯಾಹಾರ ಸಿಗದೆ ತಾನು ಸೊರಗಿಹೋಗಿದ್ದೆ ಎಂದ. ವೇದಾ ಚಪಾತಿ, ಶೇಂಗಾ ಚಟ್ನಿಪುಡಿ ತಂದು ಅದರ ಮೇಲಿಟ್ಟರು. "ಸೊರಗಿದ್ರಾ? ನಾನು ಮೈಸೂರಿಂದ ಬಂದಾಗ ನಿಮ್ಮ ಪ್ಯಾಂಟಿನ ಗುಂಡಿ ಹಾಕೋಕೇ ಆಗ್ತಿರ್ಲಿಲ್ಲ" ಎಂದಳು ಕಲ್ಯಾಣಿ. ಅವನು ಹೆದರಿಸಿದಷ್ಟೂ ಸೂಟ್‌ಕೇಸು ಊದಿಕೊಂಡಿತು. ಕೊನೆಗೆ ಅದರ ಜಿಪ್ ಎಳೆಯಲು ಡಾಕ್ಟರು ಮೇಲೆ ಕೂರಬೇಕಾಯಿತು.

ಅಷ್ಟರಲ್ಲಿ ಟ್ಯಾಕ್ಸಿ ಬಂತು. ಮಲ್ಲಿಗೆ ಬಣ್ಣದ ಕೋಟು ತೊಟ್ಟ ಪ್ರಫುಲ್ಲಾ ಎಲ್ಲರಿಗೂ ಕೈಮುಗಿದು ಶ್ರೀರಂಗನ ಮುಂದೆ ನಿಂತಳು. "ಊರು ಬಿಟ್ರೆ ಇಷ್ಟು ವರ್ಷದಲ್ಲಿ ಬೇರೆ ಎಲ್ಲಿಗೂ ಹೋದವಳಲ್ಲ, ಶ್ರೀರಂಗಣ್ಣ. ನಿಮ್ಮಿಂದಾಗಿ ಹೊರಟದ್ದು" ಎಂದಳು.

ಆ ಸಾಲು, ಆ ಚಾಚಿದ ಕತ್ತುಗಳು, ನಡುವೆ ಈ ಕೋಟು ತೊಟ್ಟ ಹೆಂಗಸು ಎಲ್ಲ ಶ್ರೀರಂಗನ ಕಣ್ಣಿಗೆ ಕಟ್ಟಿತು. ಮಾನ ಹೋದರೆ ಹೋಗಲಿ ಎನ್ನಿಸಿತು.

"ಹೋಗ್ಬೇಡಿ" ಎಂದ. "ವೀಸಾ ಬೇಕು. ನಾನು ಟ್ಯಾಲಿನ್‌ಗೆ ಹೋಗೇ ಇಲ್ಲ. ಏರ್‌ಪೋರ್ಟಿಂದಲೇ ವಾಪಸ್ ಕಳಿಸಿದ್ರು. ಅಕ್ಸ್‌ಬ್ರಿಡ್ಜಲ್ಲಿ ಬಚ್ಚಿಟ್ಕೊಂಡಿದ್ದೆ."

ಕಲ್ಯಾಣಿ ಗಂಡನನ್ನು ಈಗಷ್ಟೇ ಪರಿಚಯವಾದವನನ್ನು ನೋಡುವಂತೆ ನೋಡಿದಳು. ಆದರೆ ಬಣ್ಣಗೆಟ್ಟದ್ದು ರಘುರಾಮನ ಮುಖ. ವೀಸಾ ಮಾಡಿಸಿದ್ದೇವೆ, ಏನೂ ತೊಂದರೆಯಿಲ್ಲ, ಹೊರಡೋಣ ಎಂದು ಅವನು ಗಡಿಬಿಡಿಯಿಂದ ಸೂಟ್‌ಕೇಸಿಗೆ ಕೈ ಹಾಕಿದ.

"ಈಗ ತಾನೇ ಏನೂ ತಗೊಂಡಿಲ್ಲ ಅಂದ್ರಲ್ರಿ?" ಎಂದರು ಡಾಕ್ಟರು. "ಪಾಸ್‌ಪೋರ್ಟ್ ತೋರಸ್ರಿ, ನಾ ಒಮ್ಮೆ ನೋಡತೀನಿ."

ರಘುರಾಮನ ಕೈ ಕೋಟಿನ ಒಳಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು. ಎಲ್ಲರೂ ಆ ಕೈಯನ್ನೇ ನೋಡಿದರು. ಕೈ ಹೊರಗೆ ಬಂದಾಗ ಬರಿದಾಗಿತ್ತು. "ವೀಸಾ ಇಲ್ಲ" ಎಂದು ಗೊಣಗಿ ಅವನು ಸೂಟ್‌ಕೇಸಿನ ಮೇಲೆ ಕುಸಿದ. ಪ್ರಫುಲ್ಲಾ ಗಂಡನನ್ನು ಸುಟ್ಟುಬಿಡುವ ಹಾಗೆ ದಿಟ್ಟಿಸಿ ಅಡುಗೆಮನೆಗೆ ನಡೆದಳು. ಒಳ್ಳೆಯ ಕೆಲಸಕ್ಕೆ ತಡಮಾಡದ ಡಾಕ್ಟರು ತಾವೇ ಹೋಗಿ ಟ್ಯಾಕ್ಸಿಯನ್ನು ವಾಪಸು ಕಳಿಸಿದರು. "ಮನೆಗೆ ಬನ್ನಿ, ಮಾತಾಡೋಣ" ಎಂದಷ್ಟೇ ಹೇಳಿ ಕಲ್ಯಾಣಿ ಹೊರಟಳು.

ಎಲ್ಲರೂ ಹೋದ ಮೇಲೆ ಶ್ರೀರಂಗ ಕ್ಷಮೆ ಕೇಳಲು ಬಾಯಿ ತೆರೆದ. ರಘುರಾಮ ಅವನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದು, ಒಳಜೇಬಿನಿಂದ ಎರಡು ಪಾಸ್‌ಪೋರ್ಟ್ ತೆಗೆದು ಒಲೆಯ ಪಕ್ಕಕ್ಕೆ ಇಟ್ಟ. ಎರಡೂ ಬ್ರಿಟಿಷ್. ವೀಸಾದ ಹಂಗೇ ಇಲ್ಲದವು.

"ಹೋದ ಚಳಿಗಾಲದಲ್ಲಿ ಆದದ್ದು" ಎಂದ ಪಿಸುಮಾತಿನಲ್ಲಿ. "ಡಾಕ್ಟರ ಎದುರು ಹೇಗೆ ತೋರಿಸ್ಲಿ ಮಾರಾಯ್ರೆ? ಬರೋ ಆಗಸ್ಟಿಗೆ ಬಾವುಟ ಯಾವ ಮುಖದಲ್ಲಿ ಹಾರಿಸ್ಲಿ? ನೀವೊಬ್ರು ಬಾಯಿ ಮುಚ್ಚಿಕೊಂಡಿದ್ರೆ ಆಗ್ತಿತ್ತು."

ತಾನು ಮಾನ ಕಳೆದುಕೊಂಡದ್ದು ಯಾರ ಉಪಯೋಗಕ್ಕೂ ಬರಲಿಲ್ಲ ಎಂದು ತಿಳಿದು ಶ್ರೀರಂಗ ಅಲ್ಲೇ ಸ್ಟೂಲಿನ ಮೇಲೆ ಕೂತ. ಆದರೆ ಪ್ರಫುಲ್ಲಾ ಕೋಟು ಬಿಚ್ಚಿರಲಿಲ್ಲ. ತಾನು ಹೋಗುವವಳೇ, ಯಾರು ಬಂದರೆ ಬರಲಿ ಎಂದಳು. ಹಿಂದಿನ ಬೀದಿಯ ಮೂಲೆಗೆ ಬೇರೆ ಟ್ಯಾಕ್ಸಿಗೆ ಹೇಳಿದ್ದೂ ಆಗಿತ್ತು. ಬೀದಿಯ ಪಾಲಿಗೆ ರಘುರಾಮ ಆಘಾತದಿಂದ ಜ್ವರ ಬಂದು ಮಲಗಿರುತ್ತಾನೆ. ಅದು ನಿಜವೆಂದು ತೋರಿಸಬೇಕಾದವನು ಶ್ರೀರಂಗ.

ಈಗ ಸಲಹೆ ಕೊಡುವ ಸರದಿ ರಘುರಾಮನದು. ಬೆಳಿಗ್ಗೆ ಪರದೆ ಸರಿಸಬೇಕು, ಸಂಜೆ ದೀಪ ಹಾಕಬೇಕು. ಕೌನ್ಸಿಲ್‌ನವರು ಬರುವ ದಿನ ಕಸದ ಡಬ್ಬ ಹೊರಗಿಡಬೇಕು. ಯಾರಾದರೂ ಬೆಲ್ ಮಾಡಿದರೆ ಒಳಗಿಂದಲೇ ಕೆಮ್ಮಬೇಕು. ಕೆಮ್ಮುವುದು ಹೇಗೆಂದು ಎರಡು ಸಲ ಕೆಮ್ಮಿಯೂ ತೋರಿಸಿದ. "ಇಲ್ದಿದ್ರೆ ನನ್ನ ಮಾನವೂ ಹೋಗ್ತದೆ. ನಿಮಗೆ ಇದೆಲ್ಲ ಅಭ್ಯಾಸ ಉಂಟಲ್ಲ" ಎಂದ.

ಗಂಡಹೆಂಡಿರು ಹಿತ್ತಲ ಬಾಗಿಲಿನಿಂದ ಊದಿದ ಸೂಟ್‌ಕೇಸು ಎಳೆದುಕೊಂಡು ಹೊರಟರು. ಗೇಟಿನ ಬಳಿ ಪ್ರಫುಲ್ಲಾ ತಿರುಗಿ, ಗುಡ್ಡದ ಮೇಲಕ್ಕೆ ಬೆಳಿಗ್ಗೆಯೇ ಹೋಗಬೇಕು ಅಲ್ಲವೇ ಎಂದು ಕೇಳಿದಳು. ಶ್ರೀರಂಗ ಅಭ್ಯಾಸಬಲದಿಂದ ಹೌದೆಂದು ತಲೆಯಾಡಿಸಿದ.

ಅವನು ಸೋಫಾದ ಮೇಲೆ ಬೆನ್ನು ಚಾಚುವಷ್ಟರಲ್ಲಿ ಬೆಲ್ ಆಯಿತು. ಹೇಳಿಕೊಟ್ಟ ಹಾಗೆಯೇ ಕೆಮ್ಮಿದ. ಬಾಗಿಲಿನಲ್ಲಿದ್ದ ಟಪಾಲಿನ ಕಿಂಡಿ ತೆರೆದುಕೊಂಡಿತು.

"ರಘುರಾಮ, ಕೆಮ್ಮು ಛಲೋ ಇಲ್ರಿ" ಎಂದಿತು ಡಾಕ್ಟರ ದನಿ. "ಬಿಪಿ ಮಷೀನ್ ತಂದೀನಿ, ವೇದಾ ಗಂಜಿ ತಂದಾಳ. ಪ್ರಫುಲ್ಲಾ ಅವರ, ಬಾಗಿಲಾ ತಗೀರಿ."

ಅವರ ಹಿಂದಿನಿಂದ ಇನ್ನೊಂದು ದನಿ, ಬಹಳ ಶಾಂತವಾಗಿ, ಕೇಳಿಸಿತು. "ನಮ್ಮನೆಯವರು ಇನ್ನೂ ಬಂದಿಲ್ಲ, ಇಲ್ಲೇ ಇರ್ಬೇಕು. ಆ ಕೆಮ್ಮು ನಂಗೆ ಗೊತ್ತು ಡಾಕ್ಟ್ರೇ. ಒಂದು ನಿಮಿಷ ಇರಿ, ಪ್ರಫುಲ್ಲಾ ಗಿಡಕ್ಕೆ ನೀರು ಹಾಕೋಕೆ ಅಂತ ಕೊಟ್ಟಿರೋ ಬೀಗದ ಕೈ ನನ್ಹತ್ರ ಇದೆ."