ನೀಲಿ ಡ್ರಮ್ಮಿನ ರಸಮೇವು

ಬೇಸಿಗೆಯಲ್ಲಿ ನಮ್ಮ ನಿಟ್ಟೂರು ಕಡೆಯ ದನಗಳಿಗೆ ಮೇವು ಸಾಲದು ಎಂಬ ಸಮಸ್ಯೆಯನ್ನು ನಾನು ಒಂದು ಮಧ್ಯಾಹ್ನ, ಉಂಡು ಮಲಗಿದ್ದಲ್ಲೇ, ಮೊಬೈಲಿನಲ್ಲಿ ವಿಡಿಯೋ ನೋಡಿ ಬಗೆಹರಿಸಿಬಿಟ್ಟೆ. ಹಸಿ ಹುಲ್ಲು ಕೊಚ್ಚಿ, ಬೆಲ್ಲದ ನೀರು ಚಿಮುಕಿಸಿ, ಡ್ರಮ್ಮಿಗೆ ಒತ್ತಿ ತುಂಬಿ ಗಾಳಿಯಾಡದಂತೆ ಮುಚ್ಚಿಟ್ಟರೆ ರಸಮೇವು ಸಿದ್ಧ! ಮಳೆ ಬಿಟ್ಟ ಕೂಡಲೇ ದನ ಮೇಯುವ ಮನೆ ಹಿಂದಿನ ಬೇಣದ ಹುಲ್ಲು ಕೊಯ್ದು ಎರಡು ನೀಲಿ ಡ್ರಮ್ಮು ತುಂಬಿದೆ.

ಸುಗ್ಗಿ ಮುಗಿದಾಗ ನಮ್ಮ ಗದ್ದೆಯ ಒಣಹುಲ್ಲನ್ನೆಲ್ಲ ಪಕ್ಕದ ಮನೆಯ ಮಂಜಣ್ಣನಿಗೆ ಕೊಟ್ಟುಬಿಟ್ಟೆ. "ಇನ್ನೂ ಎಷ್ಟು ವರ್ಷ ಒಣಹುಲ್ಲು ಹಾಕ್ತೀರಿ ಮಂಜಣ್ಣ? ಕಾಲ ಬದಲಾಯ್ತು" ಎಂದು ಒಂದು ಭಾಷಣವನ್ನೂ ಧರ್ಮಕ್ಕೆ ಬಿಗಿದೆ.

ಹೆಂಡತಿ ಸರೋಜ ಕೊಟ್ಟಿಗೆಯ ದನದ ಕಡೆ ನೋಡಿ ಗಾಬರಿಯಾದಳು. "ಎಂತ ಮಾರಾಯ್ರೆ, ಗೌರಿ ಗಬ್ಬ ಆಗಿದೆ. ಬ್ಯಾಸಗೇಲಿ ಅದು ತಿನ್ನೋದೆಂತ?"

"ಡ್ರಮ್ಮು ನೋಡು, ಡ್ರಮ್ಮು!" ಎಂದೆ.

ಏಪ್ರಿಲ್ ಬಂತು. ಬೇಣ ಬೋಳಾಯಿತು. ಮೇಯಲು ಹೋದ ಗೌರಿ ಅರೆಹೊಟ್ಟೆಯಲ್ಲಿ ಮನೆಗೆ ಬರತೊಡಗಿದಳು. ನಾನು ಕೇರಿಯವರನ್ನೆಲ್ಲ ಕರೆದು, ಡ್ರಮ್ಮಿಗೆ ಅರಿಶಿನ ಕುಂಕುಮ ಹಚ್ಚಿ, ಮುಚ್ಚಳವನ್ನು ಶಾಸ್ತ್ರೋಕ್ತವಾಗಿ ತೆಗೆದೆ.

ಮೊದಲು ವಾಸನೆ ಹೊರಗೆ ಬಂತು. ಆಮೇಲೆ ಜನ ಹೊರಗೆ ಹೋದರು!

ಒಳಗೆಲ್ಲ ಬಿಳಿ, ಹಸಿರು, ಕಪ್ಪು ಬೂಷ್ಟು. ಎರಡನೆಯ ಡ್ರಮ್ಮು ಅದಕ್ಕಿಂತ ಘೋರ. ಗೌರಿ ಒಮ್ಮೆ ಮೂಸಿ, ಸೀನಿ, ಹಿಂದೆ ಸರಿದು ಖಾಲಿ ಗೋದಲಿಯನ್ನೇ ನೆಕ್ಕತೊಡಗಿದಳು.

"ಮಧ್ಯೆ ಮುಚ್ಚಳ ತೆಗ್ದಿದ್ರಾ?" ಸರೋಜ ಕೇಳಿದಳು.

"ಛೆ, ಹಂಗೇನಿಲ್ಲ. ವಾರಕ್ಕೊಂದ್ಸಲ. ಹದ ನೋಡಕ್ಕೆ."

"ಮಿಡಿ ಉಪ್ಪಿನಕಾಯಿ ಭರಣಿ ಮುಟ್ಟಬೇಡಿ ಅಂತ ನಾ ಬಡ್ಕೊಳ್ಳೋದು ಎಂತಕ್ಕೆ ಅಂತ ಈಗಾದ್ರೂ ಗೊತ್ತಾಯ್ತಾ?"

ಗೊತ್ತಾಯಿತು. ಆದರೆ ನನ್ನ ಜ್ಞಾನೋದಯದಿಂದ ಗೌರಿಯ ಹೊಟ್ಟೆ ತುಂಬುವುದಿಲ್ಲವಲ್ಲ! ಬಸುರಿ ದನವನ್ನು ಉಪವಾಸ ಕೆಡವಿದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಸರೋಜ ಹೊರೆ ಕಟ್ಟುವ ಹಗ್ಗ ತಂದು ನನ್ನ ಕೈಗಿಟ್ಟು, ಮಂಜಣ್ಣನ ಮನೆ ಕಡೆ ಕೈ ತೋರಿಸಿದಳು.

ತಲೆ ತಗ್ಗಿಸಿ ಅವರ ಅಂಗಳದಲ್ಲಿ ನಿಂತೆ. ಬಾಯಿ ಬಿಡುವ ಮೊದಲೇ ಮಂಜಣ್ಣ, "ಬನ್ನಿ ಬನ್ನಿ. ನಿಮ್ಮ ಹುಲ್ಲನ್ನ ಬೇರೆಯೇ ಗೊಣಬೆ ಒಟ್ಟಿ ಇಟ್ಟಿದೀನಿ. ಒಂದು ಎಳೆನೂ ಮುಟ್ಟಿಲ್ಲ" ಎಂದರು.

"ಯಾಕೆ?"

"ನೀವು ಭಾಷಣ ಮಾಡಿದ ದಿನಾನೇ ಸರೋಜಮ್ಮ ಬಂದು ಹೇಳಿ ಹೋಗಿದ್ರು, ಬ್ಯಾಸಗೇಲಿ ವಾಪಸ್ ಬೇಕಾಗ್ತದೆ ಅಂತ!"

ಹುಲ್ಲಿನ ಹೊರೆ ತಲೆ ಮೇಲೆ ಹೊತ್ತು ಮನೆಗೆ ಬಂದೆ. ಗೌರಿ ಕೊಟ್ಟಿಗೆಯಿಂದಲೇ ಕತ್ತು ಚಾಚಿ ನನ್ನ ತಲೆಯನ್ನು ಆಸೆಯಿಂದ ನೋಡಿದಳು. ಒಳಗೆ ಏನಿಲ್ಲದಿದ್ದರೂ, ಮೇಲಾದರೂ ಉಪಯೋಗಕ್ಕೆ ಬರುವಂಥದ್ದು ಇತ್ತಲ್ಲ!