ಹದಿನಾರು ಇಂಚಿನ ಲಾರಿಯ ಮುಪ್ಪು

ನನ್ನ ಕೈಯಿಂದ ಆಗದ ಕೆಲಸವಿಲ್ಲ ಎಂಬ ನಂಬಿಕೆ ನನಗೆ ಮೂವತ್ತೆರಡನೆಯ ವಯಸ್ಸಿನವರೆಗೂ ಗಟ್ಟಿಯಾಗಿತ್ತು. ಅದನ್ನು ಒಂದು ಲಾರಿ ಮುರಿಯಿತು. ಅದೂ ಬಗಲಲ್ಲಿ ಹಿಡಿದುಕೊಂಡು ನಡೆಯಬಹುದಾದಷ್ಟು ಸಣ್ಣ ಲಾರಿ.

ಅರವತ್ತರ ದಶಕದ ಮೊದಲ ವರ್ಷಗಳು. ಇಚಲಕರಂಜಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಹಗಲೆಲ್ಲ ಕಿವಿಯಲ್ಲಿ ಮಗ್ಗಗಳ ಖಟಖಟ. ನಾಟಕದ ಪರದೆ, ಗಣಪತಿಯ ಮಂಟಪ, ರಟ್ಟಿನ ಕೋಟೆ, ಇಂಥದೇನಿದ್ದರೂ ಓಣಿಯವರು ನನ್ನನ್ನೇ ಕರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಹೊಗಳುತ್ತಿದ್ದರು. ಅವರು ಹೊಗಳಿದ್ದನ್ನು ನಾನು ಅಕ್ಷರಶಃ ನಂಬುತ್ತಿದ್ದೆ. ತಪ್ಪಾದದ್ದು ಅಲ್ಲೇ.

ನಮ್ಮ ಓಣಿಯ ತುದಿಯಲ್ಲಿ ಅಪ್ಪಾಸಾಹೇಬ ಸಾವಕಾರರ ಬೆಲ್ಲದ ಅಂಗಡಿ ಇತ್ತು. ಜೈನ ಮನೆತನ. ಸಾವಕಾರರು ಮಾತು ಕಡಿಮೆ, ನಡತೆ ಗಟ್ಟಿ ಎಂದು ಹೆಸರಾದವರು. ಅವರಲ್ಲಿ ಯುದ್ಧಕಾಲದ ಒಂದು ಹಳೆಯ ಲಾರಿ. ಅದನ್ನು ಮೊದಲ ದಿನದಿಂದ ಓಡಿಸಿದವರು ದಸ್ತಗೀರ ಮಾಮಾ, ಗಡಹಿಂಗ್ಲಜದವರು. ದತ್ತವಾಡ, ಅಕಿವಾಟದ ಗಾಣಗಳಿಂದ ಬೆಲ್ಲ ಹೇರಿಕೊಂಡು ಕೊಲ್ಹಾಪುರದ ಪೇಟೆಗೆ ಹೋಗುವುದು, ಬರುವುದು. ಹದಿನೆಂಟು ವರ್ಷ ಇದೇ ಕೆಲಸ. ಈಗ ಲಾರಿಯ ಚಾಸಿ ಬಿರುಕು ಬಿಟ್ಟು ಕೊಲ್ಹಾಪುರದ ಒಂದು ಗ್ಯಾರೇಜಿನವರು ಅದನ್ನು ಬಿಚ್ಚಿಹಾಕಲು ಒಯ್ಯುವವರಿದ್ದರು. ಮಾಮಾ ಅವರ ಮೊಣಕಾಲೂ ಅದೇ ಸ್ಥಿತಿಯಲ್ಲಿತ್ತು. ಲಾರಿ ಹೋಗುವ ದಿನವೇ ತಾವೂ ಊರಿಗೆ ಹೋಗುವುದಾಗಿ ಅವರು ಹೇಳಿಬಿಟ್ಟಿದ್ದರು.

ಸಾವಕಾರರು ನನ್ನನ್ನು ಕರೆಸಿ, ಆ ಲಾರಿಯ ಒಂದು ಸಣ್ಣ ಮಾದರಿ ಮಾಡಿಕೊಡಬೇಕು, ಅಂಗಡಿಯ ಗಾಜಿನ ಕಪಾಟಿನಲ್ಲಿ ಇಡುತ್ತೇನೆ ಎಂದರು. ಒಂದು ತಿಂಗಳು ಸಮಯವಿತ್ತು. ನಾನು ಒಂದು ವಾರ ಸಾಕು ಎಂದೆ.

ಅಳತೆಯಿಂದ ಆರಂಭಿಸಿದೆ. ಒಂದು ಅಡಿಗೆ ಒಂದು ಇಂಚು ಎಂದು ಪ್ರಮಾಣ ಇಟ್ಟುಕೊಂಡು, ಹೆಂಡತಿ ಶಾಂತಾಳ ಹೊಲಿಗೆಯ ಟೇಪು ತೆಗೆದುಕೊಂಡು, ಅರ್ಧ ದಿನ ಲಾರಿಯ ಮೇಲೆ ಕೆಳಗೆ ಹರಿದಾಡಿದೆ. ಎಲ್ಲವನ್ನೂ ಗಂಭೀರವಾಗಿ ವಹಿಯಲ್ಲಿ ಬರೆದುಕೊಂಡೆ. ಎಣ್ಣೆ ಡಬ್ಬಿಯ ತಗಡಿನಿಂದ ಮೂತಿ, ಹಲಸಿನ ಹಲಗೆಯಿಂದ ಹಿಂದಿನ ಪೆಟ್ಟಿಗೆ, ನೂಲು ಸುತ್ತುವ ಕಟ್ಟಿಗೆಯ ರೀಲುಗಳನ್ನು ಕೊಯ್ದು ಗಾಲಿ, ಕಸೂತಿಯ ಕನ್ನಡಿ ಚೂರಿನಿಂದ ದೀಪ. ಎಲ್ಲ ಜೋಡಿಸಿ ದೂರ ನಿಂತು ನೋಡಿದೆ. ಲಾರಿ ಲಾರಿಯಂತೆಯೇ ಇತ್ತು. ಆದರೆ ಅದರ ಮುಖದಲ್ಲಿ ಏನೋ ಭಯವಿತ್ತು. ದೀಪಗಳು ದೆವ್ವ ಕಂಡವರ ಕಣ್ಣಿನಂತೆ ಹೊರಗೆ ಬಂದಿದ್ದವು. ಬದಿಯ ಕನ್ನಡಿಗಳು ಆನೆಯ ಕಿವಿಯಂತಿದ್ದವು.

ಶಾಂತಾ ಬಂದು ನೋಡಿ, ಟೇಪು ಯಾವುದು ಹಿಡಿದಿದ್ದಿರಿ ಎಂದು ಕೇಳಿದಳು. ತೋರಿಸಿದೆ.

"ಅದರ ಮೊದಲಿನ ಮೂರು ಇಂಚು ಇಲ್ಲರೀ. ಹ್ವಾದ ವರ್ಷ ಇಸ್ತ್ರಿ ಬಡದು ಸುಟ್ಟಿತ್ತು, ಕತ್ತರಿಸಿ ಒಗದೇನಿ. ನಾನು ಹೊಲಿಯೂಮುಂದ ಮೂರು ಕಳದ ಲೆಕ್ಕಾ ಹಿಡೀತೇನಿ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ?"

ಉದ್ದಗಲದಲ್ಲಿ ಆ ಮೂರು ಇಂಚು ಅಷ್ಟಾಗಿ ಕಾಣುತ್ತಿರಲಿಲ್ಲ. ಏಳು ಇಂಚಿನ ದೀಪ ಮಾತ್ರ ಹತ್ತಾಗಿತ್ತು. ಸಣ್ಣ ಸಾಮಾನುಗಳನ್ನೆಲ್ಲ ಕಿತ್ತು ಮತ್ತೆ ಮಾಡಿದೆ. ಎರಡನೆಯ ವಾರ ಮುಗಿಯಿತು. ಕೆಂಪು ಮೂತಿ, ಹಸಿರು ಪೆಟ್ಟಿಗೆ, ಮೇಲೆ ಎರಡು ಕೈ ವಾರ್ನಿಶ್. ಲಾರಿ ಮದುಮಗನಂತೆ ಹೊಳೆಯಿತು. ಶಾಲೆಯ ಮಾಸ್ತರರೆಲ್ಲ ನೋಡಿ ಬಾಯಿ ತುಂಬ ಹೊಗಳಿದರು. ನಾನು ಎದೆ ಉಬ್ಬಿಸಿಕೊಂಡು ದಸ್ತಗೀರ ಮಾಮಾ ಅವರನ್ನು ಮನೆಗೆ ಕರೆತಂದೆ.

ಮಾಮಾ ಕೆಳಗೆ ಕುಳಿತು, ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಸುತ್ತ ತಿರುಗಿಸಿ ನೋಡಿದರು. ಕೊನೆಗೆ ಮೆಲ್ಲಗೆ ಹೇಳಿದರು.

"ಭಾಳ ಚಂದ ಆಗೇತಿ, ಮಾಸ್ತರ. ಆದ್ರ ಇದು ಯಾರ ಗಾಡಿ?"

ಅವರಿಗೆ ನನ್ನ ಮನಸ್ಸು ನೋಯಿಸುವ ಉದ್ದೇಶ ಇರಲಿಲ್ಲ. ನಿಜವಾಗಿಯೂ ಕೇಳಿದ್ದರು.

ಓಹೋ, ಹಳೆಯದಾಗಿ ಕಾಣಬೇಕು, ಅಷ್ಟೇ ತಾನೆ ಎಂದುಕೊಂಡೆ. ಹಳೆಯದಾಗುವುದು ಜಗತ್ತಿನಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ, ಸುಮ್ಮನೆ ಕುಳಿತವರಿಗೂ ಅದು ಬರುತ್ತದೆ. ಒಂದು ಬರಣಿಯಲ್ಲಿ ಉಪ್ಪುನೀರು, ಹುಣಸೆಹಣ್ಣು, ಒಂದು ಹಿಡಿ ಕಬ್ಬಿಣದ ಮೊಳೆ ಹಾಕಿ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟೆ. ನಿಜವಾದ ತುಕ್ಕನ್ನೇ ಬೆಳೆಸುವ ಯೋಜನೆ. ಪಕ್ಕದ ಮನೆಯ ಮರಾಠಿ ಹೆಂಗಸು, ಎಲ್ಲರ ಕಾಕು, ಮಜ್ಜಿಗೆ ಕೇಳಲು ಬಂದವರು ಬರಣಿ ನೋಡಿ, ಇದು ಎಂಥ ಉಪ್ಪಿನಕಾಯಿ ಎಂದು ಮರಾಠಿಯಲ್ಲಿ ಕೇಳಿದರು. ಶಾಂತಾ ತಲೆ ಎತ್ತದೆ, ಮೊಳೆಯದು ಎಂದು ಮರಾಠಿಯಲ್ಲಿಯೇ ಉತ್ತರಿಸಿದಳು. ಕಾಕು ಮಜ್ಜಿಗೆ ತೆಗೆದುಕೊಳ್ಳದೆಯೇ ಹೋದರು.

ಐದು ದಿನಕ್ಕೆ ಸೊಗಸಾದ ಕಂದು ತುಕ್ಕು, ನಮ್ಮ ಕಡೆಯ ಮಾತಿನಲ್ಲಿ ಜಂಗ, ಸಿಕ್ಕಿತು. ವಾರ್ನಿಶ್ ಉಜ್ಜಿ ತೆಗೆದು, ಆ ತುಕ್ಕನ್ನು ಇಡೀ ಲಾರಿಗೆ ಕೈ ಬಿಚ್ಚಿ ಬಳಿದೆ. ಮೂತಿಗೆ, ಬಾಗಿಲಿಗೆ, ಹಿಂದಿನ ಪೆಟ್ಟಿಗೆಗೆ, ಗಾಲಿಗೆ. ಯಾರಿಗೂ ಅನ್ಯಾಯ ಮಾಡಲಿಲ್ಲ. ಮತ್ತೆ ಮಾಮಾ ಬಂದರು. ಈ ಸಲ ಬೇಗ ಮಾತಾಡಿದರು.

"ಕಟ್ಟಿಗೀಗೂ ಜಂಗ ಹಿಡೀತೈತೇನ್ರಿ, ಮಾಸ್ತರ?"

ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. ಏಳ್ರಿ, ಗಾಡಿ ತೋರಸ್ತೇನಿ ಎಂದು ನನ್ನ ಕೈ ಹಿಡಿದು ಅಂಗಡಿಯ ಹಿಂದಿನ ಬಯಲಿಗೆ ಕರೆದೊಯ್ದರು. ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ.

ಚಾಲಕನ ಬಾಗಿಲಿನ ಮೇಲಂಚು ತೋರಿಸಿದರು. ಅಲ್ಲಿ ಬಣ್ಣ ಪೂರ್ತಿ ಸವೆದು ತಗಡು ಬೆಳ್ಳಿಯಂತೆ ಹೊಳೆಯುತ್ತಿತ್ತು. ಹದಿನೆಂಟು ವರ್ಷ ಅವರ ಬಲಮೊಣಕೈ ಊರಿದ ಜಾಗ. ದಿನಾ ಮುಟ್ಟುವಲ್ಲಿ ತುಕ್ಕು ಬರುವುದಿಲ್ಲ, ಯಾರೂ ಮುಟ್ಟದೆ ನೀರು ನಿಲ್ಲುವಲ್ಲಿ ಬರುತ್ತದೆ ಎಂದರು. ಮಡ್‌ಗಾರ್ಡಿನ ಕೆಳಗೆ, ಬೋಲ್ಟುಗಳ ಸುತ್ತ ತುಕ್ಕು ಕುಳಿತು, ಮಳೆ ಹರಿದ ದಾರಿಯಲ್ಲಿ ಸಣ್ಣ ಗೆರೆಯಾಗಿ ಇಳಿದಿತ್ತು. ಪೆಟ್ಟಿಗೆಯ ಒಳಗಿನ ಹಲಗೆಗಳು ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ್ದವು. ಬೆಲ್ಲದ ಅಚ್ಚುಗಳು ಉಜ್ಜಿದ ಕಡೆ ಮಾತ್ರ ಕಪ್ಪಾಗಿ ನುಣುಪಾಗಿದ್ದವು. ಎಡಗಡೆಯ ತಗ್ಗು ಯಾವುದೋ ಎಮ್ಮೆಯ ಕರು ಉಳಿಸಲು ಹೋಗಿ ಮೈಲಿಗಲ್ಲಿಗೆ ಬಡಿದದ್ದು. ಹಿಂದಿನ ಗೀರು ಮುರಗೂಡದ ಸಂತೆಯಲ್ಲಿ ಚಕ್ಕಡಿಯ ನೊಗ ತಾಗಿದ್ದು. ಗಾಲಿಯ ಹಿಂದಿನ ಮಣ್ಣನ್ನು ಉಗುರಿನಿಂದ ಕೆದರಿ, ಕೆಂಪು ಪದರು ಗಡಹಿಂಗ್ಲಜ ಕಡೆಯದು, ಕರಿ ಪದರು ದತ್ತವಾಡದ್ದು ಎಂದು ಬಿಡಿಸಿ ಹೇಳಿದರು. ಒಂದು ಗೀರಿಗೂ ಅವರು ತಡವರಿಸಲಿಲ್ಲ.

ಹತ್ತು ವರ್ಷದಿಂದ ನಾನು ಮಕ್ಕಳಿಗೆ ನೆರಳು ಬೆಳಕು ಕಲಿಸುತ್ತಿದ್ದೆ. ಒಂದು ವಸ್ತುವನ್ನು ಹೀಗೆ ನೋಡಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ವಹಿ ತೆಗೆದು, ಶಾಲೆಯ ಹುಡುಗನಂತೆ ಬರೆದುಕೊಂಡೆ.

ಅಷ್ಟಕ್ಕೇ ಮನೆಗೆ ಹೋಗಿದ್ದರೆ ಒಳ್ಳೆಯದಿತ್ತು. ಲಾರಿಯ ಅಡಿಯಲ್ಲಿ ಕಲ್ಲಿನಂತೆ ಅಂಟಿದ್ದ ಕೆಸರು ಹೇಗಾಯಿತು ಎಂದು ಕೇಳಿದೆ. ಮಳೆಗಾಲದಲ್ಲಿ ಬೆಲ್ಲ ಕರಗಿ ಹಲಗೆಯ ಸಂದಿಯಿಂದ ಸುರಿಯುತ್ತದೆ, ಮಣ್ಣಿನ ಜೊತೆ ಸೇರಿ ಸಿಮೆಂಟಾಗುತ್ತದೆ ಎಂದು ಮಾಮಾ ಹೇಳಿದರು.

ಇನ್ನೇನು ಬೇಕು! ಮನೆಗೆ ಬಂದವನೇ ಬೇಡದ ಕಡೆಯ ತುಕ್ಕನ್ನೆಲ್ಲ ಉಜ್ಜಿ ತೆಗೆದೆ. ಮಾಮಾ ಹೇಳಿದಂತೆ ಅಂಚು ಸವೆಸಿದೆ, ಗೀರು ಎಳೆದೆ, ತಗ್ಗು ಬಡಿದೆ. ಕೊನೆಗೆ ದತ್ತವಾಡದ ಕರಿಮಣ್ಣು ತರಿಸಿ, ಒಲೆಯ ಮೇಲೆ ಬೆಲ್ಲದ ಪಾಕ ಇಟ್ಟೆ. ಶಾಂತಾ ಪಾಕ ನೋಡಿದಳು, ಮಣ್ಣು ನೋಡಿದಳು, ನನ್ನನ್ನು ನೋಡಿದಳು.

"ಅಂಟಬೇಕಂದ್ರ ಗೋಂದ ಹಾಕ್ರಿ. ಬೆಲ್ಲ ಬ್ಯಾಡ."

ಕಲೆಯ ವಿಷಯದಲ್ಲಿ ಸತ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲವೆಂದು ಅವಳಿಗೆ ವಿವರಿಸಿದೆ. ಅವಳು ಸೌಟು ಕೆಳಗಿಟ್ಟು ಹೊರಗೆ ಹೋದಳು. ನಾನು ಲಾರಿಯ ಹೊಟ್ಟೆಗೆ, ಗಾಲಿಗೆ, ಪೆಟ್ಟಿಗೆಯ ಬುಡಕ್ಕೆ ಬೆಲ್ಲದ ಕೆಸರನ್ನು ದಪ್ಪವಾಗಿ, ಬಹಳ ದಪ್ಪವಾಗಿ ಮೆತ್ತಿದೆ. ಒಣಗಿದ ಮೇಲೆ ಶಾಂತಾ ಅದನ್ನು ಮುಟ್ಟಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಿಜವಾದ ಕೆಸರೇ ಎನಿಸಿರಬೇಕು, ಗೆದ್ದೆ ಎಂದುಕೊಂಡೆ.

ಶನಿವಾರ ಸಂಜೆ ಲಾರಿಯನ್ನು ಸಾವಕಾರರ ಕಪಾಟಿನಲ್ಲಿ ಇಟ್ಟು, ಮೇಲೆ ರೇಷ್ಮೆಯ ಶಾಲು ಹೊದಿಸಿ ಬಂದೆ. ಬೆಲ್ಲದ ಲಾರಿ, ಬೆಲ್ಲದ ಅಂಗಡಿಯಲ್ಲಿ. ನನ್ನ ಬುದ್ಧಿ ಅಲ್ಲಿಯವರೆಗೆ ಹೋಗಲೇ ಇಲ್ಲ.

ಭಾನುವಾರ ಬೆಳಿಗ್ಗೆ ಲಾರಿಯನ್ನೂ ಮಾಮಾ ಅವರನ್ನೂ ಬೀಳ್ಕೊಡಲು ಮಗ್ಗದ ಮಾಲಕರು, ಕೊಲ್ಹಾಪುರದ ಪೇಟೆಯ ವ್ಯಾಪಾರಿಗಳು, ಓಣಿಯವರು ಎಲ್ಲ ಸೇರಿದ್ದರು. ದಸ್ತಗೀರ ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ಕುಳಿತಿದ್ದರು. ಸಾವಕಾರರು ಎರಡು ಮಾತಾಡಿ, ಕಪಾಟು ತೆರೆದು ಶಾಲು ಎತ್ತಿದರು.

ನಾನು ಕೆಂಪು ಮೂತಿ, ಹಸಿರು ಪೆಟ್ಟಿಗೆಯ ಲಾರಿ ಮಾಡಿದ್ದೆ. ಅಲ್ಲಿದ್ದದ್ದು ಕಪ್ಪು ಲಾರಿ. ನೆರಳು ಬಿದ್ದಿರಬೇಕು ಎಂದುಕೊಂಡೆ. ಆಮೇಲೆ ನೆರಳು ನಡೆಯತೊಡಗಿತು. ಕೊಲ್ಹಾಪುರದ ಒಬ್ಬ ಹಿರಿಯ ವ್ಯಾಪಾರಿ ಚಾಳೀಸಿನ ಕನ್ನಡಕ ಸರಿಮಾಡಿಕೊಂಡು, ಇಂಜಿನ್ ಚಾಲೂ ಇದೆಯೇ ಎಂದು ವಿಚಾರಿಸಿದರು.

ಇರುವೆ. ಊರಿನ ಇರುವೆಗಳೆಲ್ಲ ಅಲ್ಲಿಯೇ ಇದ್ದವು. ಗಾಲಿಗಳಿಂದ ಗೋಡೆಯವರೆಗೆ ಬೆರಳು ದಪ್ಪದ ಸಾಲು. ನಾನು ಧಾವಿಸಿ ಶಾಲಿನಿಂದ ಜಾಡಿಸಲು ಕೈ ಎತ್ತಿದೆ. ಸಾವಕಾರರು ನನ್ನ ಮಣಿಕಟ್ಟು ಹಿಡಿದರು.

"ಬ್ಯಾಡ ಮಾಸ್ತರ. ಕರದವರು ನಾವ. ಉಂಡು ಹೋಗ್ಲಿ."

ಆ ಮನೆಯಲ್ಲಿ ಇರುವೆಯನ್ನು ಕೊಲ್ಲುವ ಪ್ರಶ್ನೆಯೇ ಇರಲಿಲ್ಲ. ಲಾರಿಯನ್ನು ಹಲಗೆ ಸಮೇತ ಮೆಲ್ಲಗೆ ಎತ್ತಿ ಹೊರಗಿನ ಕಟ್ಟೆಯ ಮೇಲೆ ಇಟ್ಟರು. ಒಂದು ಮಾರು ದೂರದಲ್ಲಿ ಹೊಸ ಬೆಲ್ಲದ ದೊಡ್ಡ ಹೆಂಟೆ ಇಟ್ಟರು. ಇರುವೆಗಳು ತಾವಾಗಿಯೇ ಅತ್ತ ಹೋಗುವವರೆಗೆ ಸಮಾರಂಭವನ್ನು ಮುಂದೂಡಲಾಗಿದೆ ಎಂದು ಘೋಷಣೆಯಾಯಿತು. ಊರಿನ ಗಣ್ಯರು ಎರಡು ತಾಸು ಕುಳಿತರು. ಎರಡು ಸಲ ಚಹಾ ಬಂತು. ಒಬ್ಬರೂ ಎದ್ದು ಹೋಗಲಿಲ್ಲ, ಒಬ್ಬರೂ ಸಾವಕಾರರನ್ನು ಅವಸರ ಮಾಡಲಿಲ್ಲ. ನಾನು ಮಾತ್ರ ಕಟ್ಟೆಯ ಪಕ್ಕ ನಿಂತು, ನನ್ನ ಕೆಸರು ಕಣಕಣವಾಗಿ, ಸಾಲುಸಾಲಾಗಿ ಮೆಟ್ಟಿಲು ಇಳಿದು ಹೋಗುವುದನ್ನು ನೋಡಿದೆ. ಶಾಂತಾ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಅತ್ತ ನೋಡುವ ಧೈರ್ಯ ನನಗಾಗಲಿಲ್ಲ.

ಕೊನೆಯ ಇರುವೆ ಇಳಿದ ಮೇಲೆ ಮಾಮಾ ಎದ್ದು ಬಂದು ಬಗ್ಗಿದರು. ನಾನೂ ಬಗ್ಗಿದೆ. ನಾನು ಗೋಡೆಗೆ ಗಿಲಾವು ಮಾಡಿದಂತೆ ಮೆತ್ತಿದ್ದ ಕೆಸರು ಹೋಗಿತ್ತು. ಬೋಲ್ಟುಗಳ ಬುಡದಲ್ಲಿ, ಹಲಗೆಯ ಸಂದಿಯಲ್ಲಿ, ಗಾಲಿಯ ಹಿಂದೆ ಮಾತ್ರ ಒಣಗಿ, ಬಿರಿದು, ಅಲ್ಲಲ್ಲಿ ಉದುರಿ ಉಳಿದಿತ್ತು. ಬಯಲಿನಲ್ಲಿ ನಿಂತಿದ್ದ ದೊಡ್ಡ ಲಾರಿಯಲ್ಲಿ ಎಲ್ಲೆಲ್ಲಿತ್ತೋ ಅಲ್ಲಲ್ಲಿ. ಮಾಮಾ ಒಂದು ಬೆರಳಿನಿಂದ ಬಾಗಿಲಿನ ಸವೆದ ಅಂಚನ್ನು ಸವರಿದರು.

"ಈಗ ಗುರತಾತು ನೋಡ್ರಿ," ಎಂದರು. "ಇದು ನನ್ನ ಗಾಡಿ."

ಸಾವಕಾರರು ಗಾಜಿನ ಕಪಾಟಿನ ಕಡೆ ಒಮ್ಮೆ ನೋಡಿ, ಲಾರಿಯನ್ನು ಎತ್ತಿ ಮಾಮಾ ಅವರ ಎರಡೂ ಕೈಯಲ್ಲಿ ಇಟ್ಟರು. ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ಹೋದರು. ಕಂಡಕ್ಟರ್ ಅದನ್ನು ಮೇಲಿಡಿ ಎಂದನಂತೆ, ಇವರು ಒಪ್ಪಲಿಲ್ಲವಂತೆ.

ಮರುದಿನ ಸಾವಕಾರರಿಂದ ಕರೆ ಬಂತು. ಬೈಗುಳ ಕೇಳಲು ಸಿದ್ಧನಾಗಿ ಹೋದೆ. ಕಪಾಟು ಖಾಲಿ ಇದೆ, ಇನ್ನೊಂದು ಲಾರಿ ಮಾಡಿಕೊಡಬೇಕು ಎಂದರು. ನನ್ನ ತಲೆ ತಾನಾಗಿಯೇ ಮೇಲೆದ್ದಿತು. ಸಾವಕಾರರು ನಗದೆ ಮಾತು ಮುಗಿಸಿದರು.

"ಗಾಡಿ ನೀವ ಕಟ್ರಿ. ಹಳೇದು ಮಾಡೂದು ಮಾತ್ರ ನಮ್ಮ ಅಂಗಡ್ಯಾಗ ಬಿಡ್ರಿ. ಆ ಕೆಲಸದಾಗ ನಿಮಗಿಂತಾ ಶ್ಯಾಣ್ಯಾರು ಇಲ್ಲಿ ಅದಾರ."

ಹೌದ್ರಿ ಎಂದೆ. ಹತ್ತು ವರ್ಷದ ಅನುಭವವುಳ್ಳ ಡ್ರಾಯಿಂಗ್ ಮಾಸ್ತರನಾದ ನಾನು, ಅಂದಿನಿಂದ ಇರುವೆಗಳ ಕೈಕೆಳಗೆ ಕೆಲಸ ಕಲಿಯುವ ಉಮೇದುವಾರನಾಗಿ ಸೇರಿಕೊಂಡೆ.